ಎರೆ

ಸಾಲ್ಮಿಯಾದ ಅಂಗಡಿಯ ಸಜೀವನ್ ಹೇಳಿದ:
ಒಣ ಗುಳಿಗೆ ಬೇಡ, ತೇಲುತ್ತದೆ,
ಇದು ಮೇಲೆ ನೋಡುವ ಜಾತಿಯಲ್ಲ.
ಗಟ್ಟಿ ಚಿಪ್ಪಿನ ಹುಳು ಕರಗದು, ಪುಟ್ಟ ಮೀನು ರೋಗ ತರುತ್ತದೆ.
ಎರೆಹುಳು ಕೊಡು ಭಾಯಿ.

ಎಲ್ಲಿಂದ ಕೊಡಲಿ? ಆಗಸ್ಟ್. ಐವತ್ತು ಡಿಗ್ರಿ.
ಮನೆಯವರು ಲಂಡನ್ನಿನಲ್ಲಿ; ನೂಫ್ ದಿನಾ ವಿಡಿಯೋದಲ್ಲಿ
ತಿಂತಾ, ತಿಂತಾ ಎಂದು ಅರಬ್ಬಿಯಲ್ಲಿ ಕೇಳುತ್ತಾಳೆ.
ನಾನು ಡ್ರೈವರ್. ತೊಟ್ಟಿಗೆ ಐಸ್ ಬಾಟಲಿ ಇಳಿಸುತ್ತೇನೆ.
ಆಕ್ಸೊಲಾಟಲ್‌ಗೆ ನೀರು ಹದಿನೆಂಟು ದಾಟಬಾರದು.
ನನ್ನ ಕೋಣೆಯ ಎ.ಸಿ. ಕೆಟ್ಟು ವಾರವಾಯಿತು.

ಅದರ ಕೋಣೆಯದು ಮಾತ್ರ ಹಗಲೂ ರಾತ್ರಿ
ಗೋಡೆಯಾಚೆ ತೊಟ್ಟಿಕ್ಕಿ ತೊಟ್ಟಿಕ್ಕಿ
ಬೇಲಿಗಿಡದ ಬುಡದಲ್ಲಿ ಒಂದು ಬೊಗಸೆ ಕೆಸರು.
ಕೆದಕಿದೆ.
ಇತ್ತು. ಒಂದೇ ಒಂದು, ಬೆರಳುದ್ದ.

ಕೈ ತಾನಾಗಿ ಗಾಳ ಹುಡುಕಿತು.
ಗಂಗೊಳ್ಳಿಯ ಅಳಿವೆಯಲ್ಲಿ ಇಂಥವನ್ನು
ಎಷ್ಟು ಪೋಣಿಸಿದ್ದೆನೋ, ಶಾಲೆ ತಪ್ಪಿಸಿ.

ತೊಳೆದು, ಬರಿಗೈಯಲ್ಲೇ ನೀರೊಳಗೆ ಹಿಡಿದೆ.
ಬಿಳಿ ಮೋರೆ ನಿಧಾನ ಬಂತು,
ಕಿವಿರಿನ ಕೆಂಪು ಗರಿ ಅಲುಗಿಸುತ್ತ,
ಗಪ್ಪನೆ ಎಳೆದುಕೊಂಡಿತು.

ಬೆರಳು ಸುಮ್ಮನೆ ಅದುರಿತು.
ಎತ್ತಲಿಕ್ಕೆ ದಾರವಿರಲಿಲ್ಲ.