ಮತ್ತೆ ಗಿರ್ಲು

ವಾರದ ರಜೆ ನನಗೆ ಮಂಗಳವಾರ.
ಉಳಿದಾರು ದಿನ ಶಿವಮೊಗ್ಗ–ತೀರ್ಥಹಳ್ಳಿ, ಐದು ಸಿಂಗಲ್ಲು,
ಚಿಲ್ಲರೆ, ಜಗಳ, ಮಂಡಗದ್ದೆ ತಿರುವಿನಲ್ಲಿ ವಾಂತಿ.
ಏಳನೆಯ ದಿನ ಗಾಜನೂರಿನ ಹಿನ್ನೀರು,
ಒಂದು ಬಿದಿರ ಕೋಲು, ಡಬ್ಬಿಯ ಮಣ್ಣಲ್ಲಿ ಎರೆಹುಳ,
ನನಗಿಂತ ಮುಂಚೆ ಬಂದು ಕೂತ ಇಬ್ಬರು.

ಹಾಲೇಶಪ್ಪ, ಕಾಗದದ ಕಾರ್ಖಾನೆಯಿಂದ ರಿಟೈರಾದವರು.
ಬೆಂಡು ಅಲುಗಿದರೂ ಹೆಂಡತಿ ಕರೆದರೂ ಒಂದೇ ನಿಧಾನ.
ಜಬೀವುಲ್ಲಾ, ಪಂಚರ್ ಅಂಗಡಿ ಹುಡುಗನಿಗೆ ಬಿಟ್ಟು ಬರುತ್ತಾನೆ.
ಕೈಯೆಲ್ಲ ಸಲ್ಯೂಷನ್ ವಾಸನೆ;
ಮೀನಿಗೆ ಅದೇ ಇಷ್ಟ ಅನ್ನುತ್ತಾನೆ.

ನಮಗೆ ಬೇಕಾದ್ದು ಕಾಟ್ಲಾ.
ಇಲಾಖೆಯವರು ಲಾರಿಯಲ್ಲಿ ಮರಿ ತಂದು ಬಿಟ್ಟದ್ದು,
ಹೊಳೆಗೆ ಹೊಸದು, ಬೆಳ್ಳಗೆ, ದೊಡ್ಡ ತಲೆ,
ಎತ್ತಿ ಹಿಡಿದರೆ ಫೋಟೋಕ್ಕೆ ಒಪ್ಪುವಂಥದ್ದು.
ರೋಹು ಆದರೂ ನಡೆಯುತ್ತದೆ.
ಜಿಲೇಬಿಯಾದರೆ ಬೈದುಕೊಂಡೇ ಚೀಲಕ್ಕೆ ಹಾಕುತ್ತೇವೆ.

ಕೊಕ್ಕೆಗೆ ಬರುವುದು ಮಾತ್ರ ಗಿರ್ಲು.
ಗೇಣುದ್ದವೂ ಇಲ್ಲ. ನಾಲ್ಕು ಜೊತೆ ಮೀಸೆ,
ಬೆನ್ನಿಗೊಂದು ಮುಳ್ಳು, ಪಕ್ಕೆಗೊಂದೊಂದು.
ತುಟಿಗೆ ಕೊಕ್ಕೆ ಹಾಕಿಸಿಕೊಳ್ಳುವ ಮರ್ಯಾದೆ ಗೊತ್ತಿಲ್ಲ,
ಹೊಟ್ಟೆಯವರೆಗೆ ನುಂಗುತ್ತದೆ,
ಬಿಡಿಸಲು ಹೋದವನ ಹೆಬ್ಬೆರಳಿಗೆ ಟಿಕೆಟ್ ಹರಿಯುತ್ತದೆ.
"ಮತ್ತೆ ಗಿರ್ಲು" ಅನ್ನುತ್ತಾನೆ ಜಬೀವುಲ್ಲಾ,
ಒಂದೇ ಟೈರಿನಲ್ಲಿ ನಾಲ್ಕನೇ ತೂತು ಕಂಡವನ ಹಾಗೆ.

ನೀರಿಗೆ ಬಿಟ್ಟರೆ ಅದೇ ವಾಪಸ್ಸು ಬಂದು ಹುಳ ತಿನ್ನುತ್ತದಂತೆ.
ಹಾಗಂತ ಹಿಂದಕ್ಕೆ ಎಸೆಯುತ್ತೇವೆ, ಬಿಸಿಲ ಬಂಡೆಗೆ.
ಯಾರು ಶುರು ಮಾಡಿದ್ದೋ. ಎಲ್ಲರೂ ಎಸೆಯುತ್ತಾರೆ.
ಅಲ್ಲಿ ಬಿದ್ದು ಅದು ಗಿರ್ರ್ ಅನ್ನುತ್ತದೆ,
ಪಕ್ಕೆಯ ಮುಳ್ಳು ತಿರುಗಿಸಿ ತಿರುಗಿಸಿ,
ಬ್ಯಾಟರಿ ಇಳಿದ ಬಸ್ಸು ಸ್ಟಾರ್ಟಾಗಲು ನೋಡುವ ಹಾಗೆ.
ಕಾಗೆ ಬರುತ್ತದೆ. ಮುಳ್ಳು ನೋಡಿ ಅದೂ ಕಾಯುತ್ತದೆ.
ನಾವು ನೀರಿನ ಕಡೆ ಮುಖ ಮಾಡಿ ಬೀಡಿ ಹಚ್ಚುತ್ತೇವೆ.

ಒಮ್ಮೆ ನನಗೆ ಚುಚ್ಚಿ ಎರಡು ದಿನ ಕೈ ಬಾತು
ಮಷೀನಿನ ಗುಂಡಿ ಒತ್ತಲಾಗಲಿಲ್ಲ.
ಕಂಟ್ರೋಲರು ಕೇಳಿದರು, ಏನ್ರೀ ಇದು?
ಮೀನು ಸಾರ್.
ಯಾವ ಮೀನು?
ನಾಚಿಕೆಯಾಯಿತು.
ಬಾಳೆ ಕಚ್ಚಿತು ಎಂದೆ, ಐದು ಕೆಜಿ ಇತ್ತು,
ದಡಕ್ಕೆ ಬಂದದ್ದು ತಪ್ಪಿಸಿಕೊಂಡಿತು ಎಂದೆ.

ಹೋದ ಬೇಸಿಗೆ ನೀರು ತಳ ಕಂಡಿತು.
ಅಂಚಿಗೆ ಹಸಿರು ನೊರೆ, ಯಾವುದೋ ಔಷಧಿ ವಾಸನೆ.
ನಾಲ್ಕು ಮಂಗಳವಾರ ಕೂತೆವು.
ಬೆಂಡು ಅಂಚೆ ಸ್ಟಾಂಪಿನ ಹಾಗೆ ಅಂಟಿಕೊಂಡಿತ್ತು.
ಹುಳ ಹಾಕಿದ ಹಾಗೇ ಮೇಲೆ ಬರುತ್ತಿತ್ತು, ತೊಳೆದು ಬಿಳಿಚಿಕೊಂಡು.
ಬೈಯಲು ಏನೂ ಇರಲಿಲ್ಲ, ಮಾತೂ ಕಡಿಮೆಯಾಯಿತು.
ಮೂರನೇ ವಾರ ಹಾಲೇಶಪ್ಪ
"ಎಲ್ಲಿ ಹಾಳಾಗಿ ಹೋಯ್ತು ಅದು" ಅಂದರು.
ಯಾವುದು ಎಂದು ಯಾರೂ ಕೇಳಲಿಲ್ಲ.
ಕಾಟ್ಲಾದ ಸುದ್ದಿ ಅಲ್ಲವೆಂದು ಕಾಗೆಗೂ ಗೊತ್ತಿತ್ತು.

ಐದನೇ ಮಂಗಳವಾರಕ್ಕೆ ಮಳೆ ಎರಡು ಬಿದ್ದಿತ್ತು.
ಹೊಳೆ ಕೆಂಪಗೆ, ಕಡ್ಡಿಕಸ ಹೊತ್ತುಕೊಂಡು.
ಹಾಲೇಶಪ್ಪನವರ ಬೆಂಡು ಒಂದೇ ಸಲಕ್ಕೆ ಒಳಗೆ ಹೋಯಿತು.
ಆ ಮನುಷ್ಯ ಅಷ್ಟು ಬೇಗ ಎದ್ದದ್ದು ನಾನು ನೋಡಿರಲಿಲ್ಲ.
"ಬಂತಾ ಮುಂಡೇದು!"
ಇದ್ದಷ್ಟೂ ಹಲ್ಲು ಕಂಡವು.

ಜಬೀವುಲ್ಲಾನ ಇಕ್ಕುಳದಲ್ಲಿ ಐದು ನಿಮಿಷ,
ಮಗುವಿನ ಕಿವಿಯಿಂದ ಓಲೆ ಬಿಚ್ಚುವಷ್ಟು ಜೋಪಾನ.
ಅಂಗೈಯಲ್ಲಿ ಅದು ಗಿರ್ರ್ ಅಂದಿತು.
"ಆಯ್ತು ಮಾರಾಯ" ಅಂದರು ಇವರು.
ರೂಢಿಯ ಕೈ ಹಿಂದಕ್ಕೆ ಹೋಯಿತು, ಬಂಡೆಯ ಕಡೆ.
ಅಲ್ಲೇ ಒಂದು ಗಳಿಗೆ ನಿಂತಿತು.

ಆಮೇಲೆ ಎತ್ತ ಎಸೆದರೋ ನಾನು ನೋಡಲಿಲ್ಲ,
ನನ್ನ ಬೆಂಡು ಮುಳುಗುತ್ತಿತ್ತು.
ಬಂಡೆಯಿಂದ ಸದ್ದು ಬರಲಿಲ್ಲ;
ಗಾಳಿ ಜೋರಿತ್ತು, ಬಂದಿದ್ದರೂ ಕೇಳುತ್ತಿರಲಿಲ್ಲ.
ಎಳೆದೆ.
ಮೀನು ಕಾಣುವ ಮೊದಲೇ
ನನ್ನ ಹೆಬ್ಬೆರಳು ಮಡಚಿಕೊಂಡಿತು.