ಇಪ್ಪತ್ತೆಂಟನೇ ದಿನದ ಸ್ಲೈಡು

ಬಾಗಲಕೋಟೆ, ನವನಗರ, ಎರಡನೇ ಪಾಳಿ.
ದಾವಲಬಿ ನದಾಫ, ವಯಸ್ಸು ಒಂಬತ್ತು, ಊರು ಕೆರೂರು.
ಕಿಮೋ ಶುರುವಾಗಿ ಇಪ್ಪತ್ತೆಂಟನೇ ದಿನ,
ಪ್ಲೇಟ್‌ಲೆಟ್ಟು ಒಂಬತ್ತೇ ಸಾವಿರ.
ಹಲ್ಲುಜ್ಜಬೇಡ ಅಂದಿದ್ದಾರೆ.
ಅರಳೆ ಹಿಂಜುವವರ ಮನೆಯ ಹುಡುಗಿ
ಅರಳೆಯಲ್ಲೇ ಬಾಯಿ ಒರೆಸಿಕೊಳ್ಳುತ್ತಾಳೆ.

ರಕ್ತದಲ್ಲಿ ಒಂದು ಓಲೆ ಓಡಾಡುತ್ತದೆ.
ಬರೆಯುವುದು ಯಕೃತ್ತು. ಹೆಸರು ಥ್ರಾಂಬೊಪೊಯೆಟಿನ್;
ಕಾಗುಣಿತ ತಪ್ಪಿ ನನಗೆ ಅರ್ಧ ಮಾರ್ಕು ಹೋಗಿತ್ತು.
ದಿನಾ ಹೆಚ್ಚುಕಡಿಮೆ ಅಷ್ಟೇ ಬರೆಯುತ್ತದೆ.
ಓಣಿ ತುಂಬಿದ್ದರೆ ಎದುರು ಸಿಕ್ಕ ಪ್ಲೇಟ್‌ಲೆಟ್ಟುಗಳೇ
ಕಸಿದು ನುಂಗಿಬಿಡುತ್ತವೆ.
ಓಣಿ ಖಾಲಿಯಾದಾಗ ಮಾತ್ರ
ಯಾರೂ ಒಡೆಯದ ಓಲೆ
ಎಲುಬಿನ ಮಜ್ಜೆಯ ತನಕ ಬರುತ್ತದೆ.

"ಅಕ್ಕಾರ, ಬೆಳಸಾಕ ಔಷಧ ಏನರ ಐತೇನ್ರಿ?"
ಅವಳವ್ವ ಬಾಗಿಲಲ್ಲಿ.
"ಒಳಗಿಂದs ಬರಬೇಕ್ರಿ," ಅಂದೆ. ಮತ್ತೇನು ಹೇಳಲಿ.

ಸೊಂಟದ ಎಲುಬಿನಿಂದ ಎಳೆದ ಹನಿ.
ಲೀಶ್ಮನ್ ಬಣ್ಣ ಹಾಕಿ, ತೊಳೆದು, ಒಣಗಿಸಿ,
ಎಣ್ಣೆಯ ಮಸೂರ ಇಳಿಸುವ ಮೊದಲೇ ಕಂಡಿತು
ಅಂಚಿನಲ್ಲಿ ಒಂದು.
ಸುತ್ತಲಿನವು ಜೋಳದ ಕಾಳು,
ಇದು ರೊಟ್ಟಿ.

ಬೇರೆ ಕೋಶ ಬೆಳೆದರೆ ಎರಡಾಗುತ್ತವೆ, ಪಾಲು ಕೇಳುತ್ತವೆ.
ಓಲೆ ಓದಿದ ಇದು ಒಡೆಯುವುದಿಲ್ಲ.
ಒಳಗಿನ ಬೀಜ ನಾಲ್ಕು ಪಟ್ಟು, ಎಂಟು, ಹದಿನಾರು,
ಗೋಡೆ ಒಂದೇ.
ಗುಳೇದಗುಡ್ಡದ ನಮ್ಮ ಮನೆಯಲ್ಲೂ ಹೀಗೇ:
ನಾಲ್ಕು ಮಂದಿ ಕಾಕಾಗಳು, ಆರು ಮಗ್ಗ, ಒಂದು ಬಾಗಿಲು.

ಹಣ್ಣಾದ ಮೇಲೆ
ಮೈಯನ್ನೇ ಎಳೆ ಎಳೆಯಾಗಿಸಿ
ನಾಳದ ಗೋಡೆಯ ಸಂದಿಯಿಂದ ಆಚೆ ಇಳಿಬಿಡುತ್ತದೆ.
ಹರಿವ ರಕ್ತವೇ ಕತ್ತರಿ.
ಅಪ್ಪ ಮಗ್ಗದಿಂದ ಇಳಿಸಿದ ಉದ್ದ ನೇಯ್ಗೆಯನ್ನು
ಖಣ ಖಣವಾಗಿ ಕತ್ತರಿಸುತ್ತಿದ್ದ ಹಾಗೆ
ಸಾವಿರ ತುಂಡು, ಎರಡು ಸಾವಿರ,
ಯಾವ ಗಾಯಕ್ಕೆ ಯಾವುದು ಹೋಗುತ್ತದೋ ಗೊತ್ತಿಲ್ಲದೆ.
ಕೊನೆಗೆ ಉಳಿಯುವುದು ಬರೀ ಬೀಜ.
ಅದನ್ನೂ ಯಾರೋ ಗುಡಿಸಿ ಒಯ್ಯುತ್ತಾರೆ.

ಅಪ್ಪ ಕೊನೆಯ ಮಗ್ಗ ಮಾರಿದ ವಾರ
ನಾನು ಲ್ಯಾಬ್ ಕೋರ್ಸಿನ ಫೀಸು ಕಟ್ಟಿದೆ.
ಇರಲಿ, ಅದು ರಿಪೋರ್ಟಿಗೆ ಬೇಡ.
ಅಲ್ಲಿ ಇರುವುದು ಒಂದೇ ಸಾಲಿನ ಜಾಗ:
ಮೆಗಾಕ್ಯಾರಿಯೊಸೈಟ್, ಕಂಡಿವೆ, ಕಡಿಮೆ.

ಮರುದಿನ ಎಣಿಕೆ ಹನ್ನೊಂದು ಸಾವಿರ.
ಮಶೀನಿನ ತಪ್ಪೂ ಇರಬಹುದು, ಎಂದರು ಡಾಕ್ಟರು.
ನಾನು ಕೈಯಲ್ಲೇ ಇನ್ನೊಮ್ಮೆ ಎಣಿಸಿದೆ,
ಹನ್ನೆರಡೂವರೆ ಬಂತು. ಯಾರಿಗೂ ಹೇಳಲಿಲ್ಲ.

"ಹಲ್ಲು ತಿಕ್ಕಲೇನ್ರಿ?" ಕೇಳಿದಳು ದಾವಲಬಿ,
ಹೊಸ ಬ್ರಶ್ಶು ಕವರಿನಲ್ಲೇ ಹಿಡಿದು.
"ಇನ್ನೂ ಬ್ಯಾಡ," ಅಂದೆ.