ಒಂಬತ್ತು ತಂತಿ

ಡುಲೂತಿನ ಈ ಹಳೇ ಮನೆಯಲ್ಲಿ
ಗಾರೆಯ ಬೆನ್ನಿಗೆ ಕಬ್ಬಿಣದ ಜಾಲರಿ.
ವೈಫೈ ಅಡುಗೆಮನೆ ದಾಟುವಷ್ಟರಲ್ಲಿ
ಏದುಸಿರು ಬಿಡುತ್ತದೆ.
ಮಹಡಿಯಲ್ಲಿ ಲಿನೇಯಾಳ ಪರದೆಯ ಮೇಲೆ
ಒಂದು ಚಕ್ರ ಸುತ್ತುತ್ತಲೇ ಇರುತ್ತದೆ.
ಅದಕ್ಕೂ ನಾನೇ ಕಾರಣವೆಂಬಂತೆ
ಬಾಗಿಲು ಹಾಕಿಕೊಳ್ಳುತ್ತಾಳೆ.

ಅವಳಮ್ಮನನ್ನು ಮದುವೆಯಾಗಿ ಹನ್ನೊಂದು ತಿಂಗಳು.
ನಮ್ಮಿಬ್ಬರ ನಡುವೆ ಈವರೆಗೆ ಓಡಾಡಿದ್ದು
'ಉಪ್ಪು', 'ಹೂಂ', 'ಬಸ್ಸು ಬಂತು'.

ಶನಿವಾರ. ದಡದ ಬಳಿ ಸರೋವರ ಹೆಪ್ಪುಗಟ್ಟಿದೆ.
ಹಣೆಗೆ ದೀಪ ಕಟ್ಟಿ ನೆಲಮಾಳಿಗೆಗೆ ಇಳಿದೆ.

ಈ ಮನೆ ಮಾರಿಹೋದ ವರ್ನ್ ಹಾಲ್ವರ್ಸನ್
ಟೆಲಿಫೋನ್ ಕಂಪನಿಯಲ್ಲಿ ಕಂಬ ಹತ್ತುತ್ತಿದ್ದವನು.
ಕಂಪನಿಯಲ್ಲಿ ಮಿಕ್ಕ ತಂತಿಯನ್ನೆಲ್ಲ ತಂದು
ಕೋಣೆ ಕೋಣೆಗೂ ಎಳೆದಿದ್ದಾನೆ.
ಪುಣ್ಯಕ್ಕೆ ಒಂದರಿಂದ ಒಂದಕ್ಕೆ ಕೊಂಡಿ ಹಾಕಿಲ್ಲ,
ಎಲ್ಲವೂ ನೇರ ಈ ಹಲಗೆಗೇ ಬಂದು ಸೇರಿವೆ.
ತೊಲೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು:
ಅಡುಗೆಮನೆ, ಮಾರ್ಚ್ ೯೮.
ಡಾಟಿಯ ಹೊಲಿಗೆ ಯಂತ್ರ.
ಹಾಸಿಗೆ, ನನ್ನ ಕಡೆ.
ಹಾಸಿಗೆ, ಅವಳ ಕಡೆ.
ಹೀಗೆ ಒಂಬತ್ತು.
ಹತ್ತನೆಯದಕ್ಕೆ ಹೆಸರಿಲ್ಲ.

ಸಿಪ್ಪೆ ಸುಲಿದರೆ ಒಳಗೆ ಎಂಟು ಎಳೆ,
ಎರಡೆರಡಾಗಿ ಹೊಸೆದುಕೊಂಡಿವೆ.
ಫೋನಿಗೆ ಬೇಕಾಗಿದ್ದು ನೀಲಿ ಜೋಡಿಯೊಂದೇ.
ಮಿಕ್ಕ ಆರು, ಹಿಂದಕ್ಕೆ ಮಡಚಿಕೊಂಡು,
ಇಷ್ಟು ವರ್ಷ ಎಲೆ ಹಾಕದ ಪಂಕ್ತಿಯಲ್ಲಿ
ಕೂತೇ ಇದ್ದವು.

ಹೆಸರಿಲ್ಲದ ತಂತಿಗೆ ಸದ್ದಿನ ಪೆಟ್ಟಿಗೆ ಕಚ್ಚಿಸಿದೆ.
ಮನೆಯೊಳಗೆಲ್ಲೋ ಸಣ್ಣ ಊಳು.
ಮೆಟ್ಟಿಲ ಮೇಲೆ ಕಾಲುಚೀಲದ ಎರಡು ಪಾದ:
"ಅದೇನದು, ಬೆಕ್ಕು ಸಾಯೋ ಥರ?"
ಕಡ್ಡಿಯನ್ನು ಅವಳ ಕೈಗೆ ಕೊಟ್ಟೆ.
ಗೋಡೆಗೆ ಹಿಡಿಯುತ್ತ ಹೋದಳು,
ವೈದ್ಯರು ಎದೆ ನೋಡುವ ಹಾಗೆ.

ಮೆಟ್ಟಿಲ ಕೆಳಗಿನ ಗೂಡು.
ಧೂಳು ಹೀರುವ ಯಂತ್ರದ ಹಿಂದೆ, ನೆಲದಿಂದ ಎರಡಡಿಗೆ,
ಒಂದು ಫೋನಿನ ಕಿಂಡಿ.
ನಿಂತವರಿಗೆ ಎಟುಕದು.
ಕೂತರೆ ಸರಿಯಾಗಿ ಕಿವಿಯ ಪಕ್ಕ.
ಓರೆ ಹಲಗೆಯ ಮೇಲೆ ನೀಲಿ ಶಾಯಿಯ ನಂಬರುಗಳು,
ಒಂದನ್ನು ಮೂರು ಸಲ ಗೀಚಿ ಹೊಡೆದುಹಾಕಿದೆ.

"ಯಾರೋ ಹುಡುಗಿ," ಎಂದಳು ಲಿನೇಯಾ.
"ಇಲ್ಲಿ ಬಚ್ಚಿಟ್ಕೊಂಡು ಮಾತಾಡ್ತಿದ್ದಳು.
ಅವರಪ್ಪನಿಗೆ ಗೊತ್ತಿತ್ತಾ?"
"ತಂತಿ ಎಳೆದವನೇ ಅವನು," ಎಂದೆ.
"ಗುರುತು ಬರೀಲಿಲ್ಲ, ಅಷ್ಟೆ."

ಆಮೇಲೆ ಅವಳು ಬಣ್ಣ ಜೋಡಿಸಿ ಕೊಟ್ಟಳು, ನಾನು ಒತ್ತಿದೆ.
ಕಿತ್ತಳೆ ಬಿಳಿ, ಕಿತ್ತಳೆ,
ಹಸಿರು ಬಿಳಿ, ನೀಲಿ...
"ತಡಿ, ಹಸಿರಿನ ಜೋಡಿ ಯಾಕೆ ಒಡೀಬೇಕು?"
ನಡುವಿನ ಎರಡು ಜಾಗ ಮೊದಲಿಂದಲೂ ಫೋನಿನವು,
ಅದನ್ನು ಯಾರೂ ಎಬ್ಬಿಸುವಂತಿಲ್ಲ.
ಆಮೇಲೆ ಬಂದವರು
ಆಚೆ ಒಬ್ಬ ಈಚೆ ಒಬ್ಬ ಸರಿದು ಕೂರಬೇಕು.
ಅವಳು ನನ್ನ ಮುಖ ನೋಡಿದಳು.
ನಾನು ಇಕ್ಕಳ ಹುಡುಕಿದೆ.

ಪರೀಕ್ಷೆಯ ಡಬ್ಬಿಯಲ್ಲಿ ಒಂದರಿಂದ ಐದು ಮಿನುಗಿದವು,
ಆರು ಹತ್ತಲಿಲ್ಲ.
"ಆರ್ವಿಡ್! ಹಸಿರು ಕೂತಿಲ್ಲ!"
ಮೇಲಿಂದ ಕೂಗಿದಳು. ಮೊದಲ ಸಲ ನನ್ನ ಹೆಸರು.
ಕತ್ತರಿಸಿದೆ, ಮತ್ತೆ ಸುಲಿದೆ.
ಈ ಸಲ ಆರು ಹತ್ತಿತು, ಮೂರು ಸತ್ತಿತು.
ಇಬ್ಬರೂ ಬೈದೆವು, ಒಂದೇ ಬೈಗುಳ.
ನಾಲ್ಕನೆಯದಕ್ಕೆ ಎಂಟೂ.

ಸಂಜೆ ಸ್ವಿಚ್ಚಿನ ಮೇಲೆ ಹಸಿರು ಕಣ್ಣುಗಳು.
ಗೂಡಿನ ಬಾಗಿಲ ಅಡಿಯಿಂದ ಬೆಳಕಿನ ಗೆರೆ,
ಒಳಗೆ ಯಾರಿಗೋ ಏನೋ ಹೇಳಿ ನಗುತ್ತಿದ್ದಾಳೆ.
ತೊಲೆಯ ಬಳಿ ಪೆನ್ಸಿಲ್ ಎತ್ತಿದವನು
ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಮೇಲೆ ಬಂದೆ.

"ಎಷ್ಟು ತಂತಿ ಆಯ್ತು?" ಕೇಳಿದಳು ಅವಳಮ್ಮ.

ಒಂಬತ್ತು, ಎಂದೆ.